ರಾಣಿಗಂಜ್ ಕಲ್ಲಿದ್ದಲು ಗಣಿಯ ಒಡೆತನ ಯಾರಿಂದ ಯಾರಿಗೆ ಹೋಯಿತು?

ಪ್ರಶ್ನೆ (ಸಪ್ತಾಪುರ, ಧಾರವಾಡ):
ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ರಾಣಿಗಂಜ್ ಗಣಿಯ ಮಾಲೀಕರೆಂದು ಒಂದು ಟಿಪ್ಪಣಿ ದ್ವಾರಕಾನಾಥ ಠಾಕೂರರನ್ನು ಹೆಸರಿಸಿದರೆ, ಇನ್ನೊಂದು ಬೆಂಗಾಲ್ ಕೋಲ್ ಕಂಪನಿಯನ್ನೂ ಮತ್ತೊಂದು ಈಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯನ್ನೂ ಹೆಸರಿಸುತ್ತದೆ. ಯಾವುದು ಸರಿ? ಸರ್ಕಾರ ಗಣಿಗಳನ್ನೆಲ್ಲ ಒಮ್ಮೆಲೇ ವಹಿಸಿಕೊಂಡಿತೇ?

ಉತ್ತರ 1 (ವಿದ್ಯಾನಗರ, ಹುಬ್ಬಳ್ಳಿ):
ಮೂರೂ ಸರಿಯೇ, ಕಾಲ ಮಾತ್ರ ಬೇರೆ. 1774ರಲ್ಲಿ ಸಮ್ನರ್ ಮತ್ತು ಹೀಟ್ಲಿ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಪಡೆದು ಆ ಸೀಮೆಯಲ್ಲಿ ಅಗೆತ ಆರಂಭಿಸಿದರಾದರೂ ಅದು ಬಾಳಲಿಲ್ಲ. ಮುಂದೆ ಗಣಿ ಕಲ್ಕತ್ತೆಯ ಅಲೆಕ್ಸಾಂಡರ್ ಕಂಪನಿಯ ಕೈಸೇರಿತು. ಆ ಕಂಪನಿ ದಿವಾಳಿಯಾದ ಬಳಿಕ 1836ರಲ್ಲಿ ದ್ವಾರಕಾನಾಥರು 70,000 ರೂಪಾಯಿಗೆ ಗಣಿಯನ್ನು ಕೊಂಡರು. ರೈಲು ಇಲ್ಲದ ಆ ದಿನಗಳಲ್ಲಿ, ಮಳೆಗಾಲದಲ್ಲಿ ದಾಮೋದರ ನದಿ ತುಂಬಿದಾಗಲಷ್ಟೇ ಕಲ್ಲಿದ್ದಲಿನ ದೋಣಿಗಳು ಕಲ್ಕತ್ತೆಯತ್ತ ಸಾಗುತ್ತಿದ್ದುದರಿಂದ, ದೋಣಿಯೂ ದಂಡೆಯ ದಾಸ್ತಾನೂ ಯಾರ ಹಿಡಿತದಲ್ಲಿವೆ ಎಂಬುದು ಗಣಿಯಷ್ಟೇ ಮುಖ್ಯವಾಗಿತ್ತು. ಠಾಕೂರರ ಸಂಸ್ಥೆ 1843ರಲ್ಲಿ ತನ್ನ ಎದುರಾಳಿಯೊಡನೆ ಸೇರಿಕೊಂಡಾಗ ಬೆಂಗಾಲ್ ಕೋಲ್ ಕಂಪನಿ ಹುಟ್ಟಿತು. ರೈಲು ರಾಣಿಗಂಜ್ ಮುಟ್ಟಿದ್ದು 1855ರಲ್ಲಿ.

ಉತ್ತರ 2 (ಗದಗ):
ಎರಡನೆಯ ಪ್ರಶ್ನೆಗೆ: ಒಮ್ಮೆಲೇ ಅಲ್ಲ. ಉಕ್ಕು ತಯಾರಿಕೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಗಣಿಗಳ ಆಡಳಿತವನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡು, 1972ರ ಮೇ 1ರಂದು ಅವುಗಳನ್ನು ರಾಷ್ಟ್ರೀಕರಿಸಿತು. ಉಳಿದ ಗಣಿಗಳ ಆಡಳಿತ 1973ರ ಜನವರಿಯಲ್ಲಿಯೂ ಒಡೆತನ ಅದೇ ವರ್ಷದ ಮೇ 1ರಂದೂ ಸರ್ಕಾರಕ್ಕೆ ಬಂದವು. ಕೋಲ್ ಇಂಡಿಯಾ ರೂಪುಗೊಂಡದ್ದು 1975ರಲ್ಲಿ. ರಾಣಿಗಂಜ್ ಅದರ ಅಂಗಸಂಸ್ಥೆಯಾದ ಈಸ್ಟರ್ನ್ ಕೋಲ್‌ಫೀಲ್ಡ್ಸ್ ಪಾಲಿಗೆ ಬಂತು. ಸುಲಭಕ್ಕೆ ಸಿಗುವ ಪದರವನ್ನಷ್ಟೇ ತೆಗೆದು ಉಳಿದುದನ್ನು ಹಾಳುಗೆಡಹುವ ಖಾಸಗಿ ಮಾಲೀಕರ ರೂಢಿಯೂ ಕಾರ್ಮಿಕರ ಅಸುರಕ್ಷಿತ ಸ್ಥಿತಿಯೂ ಈ ಕ್ರಮಕ್ಕೆ ಕಾರಣವಾದವು. ಟಿಪ್ಪಣಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶವೊಂದಿದೆ: ಗಣಿಯ ಮಾಲೀಕನೇ ಖನಿಜದ ಮಾಲೀಕನಲ್ಲ. ಬಂಗಾಳದಲ್ಲಿ ನೆಲದಡಿಯ ಹಕ್ಕು ಜಮೀನ್ದಾರರದಾಗಿತ್ತು, ಕಂಪನಿಗಳು ಅವರಿಗೆ ರಾಜಧನ ಕೊಡುತ್ತಿದ್ದವು. ಜಮೀನ್ದಾರಿ ರದ್ದಾದ ಮೇಲೆ ಆ ಹಕ್ಕು ರಾಜ್ಯದ್ದಾಯಿತು.

ಉತ್ತರ 3 (ರಾಣೆಬೆನ್ನೂರು):
ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಬಾರಂಜ್ ಗಣಿಯನ್ನೂ ಓದಿಕೊಳ್ಳಿ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಈ ನಿಕ್ಷೇಪವನ್ನು ಬಳ್ಳಾರಿ ಶಾಖೋತ್ಪನ್ನ ಸ್ಥಾವರಕ್ಕಾಗಿ 2003ರಲ್ಲಿ ಹಂಚಲಾಗಿತ್ತು. ಕರ್ನಾಟಕ ವಿದ್ಯುತ್ ನಿಗಮವು ಖಾಸಗಿ ಪಾಲುದಾರರೊಡನೆ ಕಟ್ಟಿದ ಜಂಟಿ ಕಂಪನಿ ಅದನ್ನು ನಡೆಸುತ್ತಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ 204 ಹಂಚಿಕೆಗಳಲ್ಲಿ ಇದೂ ಸೇರಿತ್ತು. ಮರುವರ್ಷ ಗಣಿ ನೇರವಾಗಿ ನಿಗಮಕ್ಕೇ ಹಂಚಿಕೆಯಾಯಿತು. ಮೇಲಿನವರು ಹೇಳಿದ ಭೇದ ಇಲ್ಲಿಯೂ ಅನ್ವಯಿಸುತ್ತದೆ: ಗಣಿ ನಡೆಸುವುದು ಕರ್ನಾಟಕದ ನಿಗಮವಾದರೂ ರಾಜಧನ ಸಲ್ಲುವುದು ಮಹಾರಾಷ್ಟ್ರಕ್ಕೆ.