ದಾಳಿಂಬೆ ಅಂಗಮಾರಿಗೆ ಸ್ಯೂಡೋಮೊನಾಸ್ ಹೊಡೆದರೆ ಚುಕ್ಕೆ ನಿಲ್ಲುತ್ತಾ?

ಹಸ್ತಬಹಾರ್: ಭಗವಾ ತಳಿ, ಕಾಯಿ ನಿಂಬೆ ಗಾತ್ರ. ಮಳೆ ಬಂದು ಹೋದ ಮೇಲೆ ಹತ್ತಕ್ಕೊಂದು ಗಿಡದ ಎಲೆಯಲ್ಲಿ ಎಣ್ಣೆ ಸವರಿದಂಥ ಚುಕ್ಕೆ, ಕೆಲವು ಕಾಯಿ ಮೇಲೂ ಇದೆ. ಐದು ದಿನದ ಹಿಂದೆ ಕಾಪರ್ ಆಕ್ಸಿಕ್ಲೋರೈಡ್ ಜೊತೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆದಾಗಿದೆ. ಈಗ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ (ರೋಗಾಣು ತಡೆಯೋ ಉಪಕಾರಿ ಬ್ಯಾಕ್ಟೀರಿಯಾ) ಪುಡಿ ಹೊಡೆಯಬಹುದಾ? ಪಾಕೆಟ್ ಮೇಲೆ ಗ್ರಾಂಗೆ 10 ಕೋಟಿ ಸಿಎಫ್‌ಯು (ಬದುಕಿರೋ ಕೋಶಗಳ ಲೆಕ್ಕ) ಅಂತಿದೆ.

ಕೆಂಪುಮಣ್ಣು: ಇರೋ ಚುಕ್ಕೆ ವಾಸಿ ಆಗಲ್ಲ ಸರ್, ಆ ಆಸೆ ಬಿಡಿ. ಅಂಗಮಾರಿ ತರೋ ಕ್ಸಾಂಥೋಮೊನಾಸ್ ಬ್ಯಾಕ್ಟೀರಿಯಾ ಪತ್ರರಂಧ್ರ, ಗಾಯಗಳಿಂದ ಒಳಗೆ ನುಗ್ಗುತ್ತೆ. ಚುಕ್ಕೆ ಕಾಣೋ ಹೊತ್ತಿಗೆ ಅದು ಒಳಗೆ ಬೀಡುಬಿಟ್ಟಾಗಿದೆ. ಸ್ಯೂಡೋಮೊನಾಸ್ ಕೆಲಸ ಹೊರಗೆ: ಸಿಪ್ಪೆ ಮೇಲೆ ಮೊದಲು ಜಾಗ ಹಿಡಿಯೋದು, ಸೈಡರೋಫೋರ್ ಅನ್ನೋ ಕಬ್ಬಿಣ ಹಿಡಿಯೋ ವಸ್ತು ಬಿಟ್ಟು ರೋಗಾಣುವಿನ ಕಬ್ಬಿಣ ಕಸಿಯೋದು. ಚುಕ್ಕೆ ಇಲ್ಲದ ಒಂಬತ್ತು ಗಿಡಕ್ಕೆ ಅದು ಬೇಲಿ, ಹತ್ತನೆಯದಕ್ಕೆ ಔಷಧಿ ಅಲ್ಲ.

ಐದು ದಿನ ಸಾಲದು. ತಾಮ್ರಕ್ಕೆ, ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿರೋ ಸ್ಟ್ರೆಪ್ಟೋಮೈಸಿನ್‌ಗೆ ಒಳ್ಳೇ ಬ್ಯಾಕ್ಟೀರಿಯಾ ಕೆಟ್ಟದ್ದು ಅಂತ ಭೇದ ಇಲ್ಲ. ಹತ್ತು ದಿನ ಆಗಲಿ. ಆಮೇಲೆ ಲೀಟರಿಗೆ 10 ಗ್ರಾಂ, ಅಂದ್ರೆ 200 ಲೀಟರ್ ಡ್ರಮ್ಮಿಗೆ 2 ಕೆಜಿ. ಪುಡಿಯನ್ನ ನೇರ ಡ್ರಮ್ಮಿಗೆ ಸುರೀಬೇಡಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ. ಪುಡಿಯಲ್ಲಿ ಬೆರೆತಿರೋ ಟಾಲ್ಕ್ (ಕಲ್ಲಿನ ಪುಡಿ) ಗಸಿ ಉಳಿದರೆ ನಾಜಲ್ ಕಟ್ಟುತ್ತೆ. ಕ್ಲೋರಿನ್ ಹಾಕಿದ ನೀರು ಬೇಡ. ಹಿಂದೆ ತಾಮ್ರ ಹೊಡೆದ ಪಂಪನ್ನು ಪೈಪ್ ಸಮೇತ ತೊಳೀರಿ. ಹೊತ್ತು ಇಳಿದ ಮೇಲೆ ಹೊಡೀರಿ, ಬಿಸಿಲಿಗೆ ಇವು ಬೇಗ ಸಾಯ್ತವೆ. ಕಾಯಿ ತುದಿಯ ಮುಕುಟದ ಸಂದಿಗೂ ಹನಿ ತಾಗಬೇಕು, ಮಳೆನೀರು ನಿಲ್ಲೋದು ಅಲ್ಲೇ.

ಕಿಂಗ್ಸ್_ಬಿ: ಪ್ರಮಾಣ ಸರಿ. ಆ ಲೆಕ್ಕದಲ್ಲಿ ಒಂದು ಮಿಲಿಲೀಟರ್ ದ್ರಾವಣದಲ್ಲಿ 10 ಲಕ್ಷ ಕೋಶ ಇರಬೇಕು. ಆದರೆ ಲೇಬಲ್ ಹೇಳೋದು ತಯಾರಾದ ದಿನದ ಲೆಕ್ಕ. ಅಂಗಡಿಯ ತಗಡಿನ ಸೂರಿನಡಿ ಬೇಸಿಗೆ ಕಳೆದ ಪಾಕೆಟ್‌ನಲ್ಲಿ ಉಳಿದಿರೋದು ಬರೀ ಟಾಲ್ಕ್ ಆಗಿರಬಹುದು. ತಯಾರಿಕೆ ದಿನಾಂಕ ನೋಡಿ ತಗೊಳ್ಳಿ. ಲ್ಯಾಬ್ ಹತ್ತಿರ ಇದ್ದರೆ ಸ್ಯೂಡೋಮೊನಾಸ್ ಬೆಳೆಸೋಕೆ ಬಳಸೋ ಕಿಂಗ್ಸ್ ಬಿ ಮಾಧ್ಯಮದಲ್ಲಿ ಬೆಳೆಸಿ ನೋಡಿಸಿ: ಅತಿನೇರಳೆ ಬೆಳಕಲ್ಲಿ ಹಳದಿ-ಹಸಿರಾಗಿ ಹೊಳೀಬೇಕು. ಆ ಹೊಳಪೇ ಕಬ್ಬಿಣ ಕಸಿಯೋ ಪಯೋವರ್ಡಿನ್ ಅನ್ನೋ ಸೈಡರೋಫೋರ್.

ಬಿಸಿಲು ಜಾಸ್ತಿ ಇರೋ ಕಡೆ ನನ್ನ ಮತ ಬ್ಯಾಸಿಲಸ್ ಸಬ್‌ಟಿಲಿಸ್ ಅನ್ನೋ ಇನ್ನೊಂದು ಉಪಕಾರಿ ಬ್ಯಾಕ್ಟೀರಿಯಾಗೆ. ಬೀಜಾಣು ಕಟ್ಟೋದರಿಂದ ಶಾಖ, ಒಣಹವೆ ಎರಡನ್ನೂ ತಡೆಯುತ್ತೆ.

ಚಾಟ್ನಿಕತ್ತರಿ: ಸಿಂಪಡಣೆಗಿಂತ ಮೊದಲು ಚುಕ್ಕೆ ಕಾಯಿ, ಉದುರಿದ ಎಲೆ ಆರಿಸಿ ಸುಟ್ಟುಬಿಡಿ. ರೋಗಾಣು ಆ ಕಸದಲ್ಲೇ ತಿಂಗಳುಗಟ್ಟಲೆ ಬದುಕಿರುತ್ತೆ, ಮಳೆಹನಿ ಸಿಡಿದಾಗ ಮತ್ತೆ ಮೇಲೆ ಬರುತ್ತೆ. ಕತ್ತರಿಯನ್ನ ಗಿಡದಿಂದ ಗಿಡಕ್ಕೆ 1% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅದ್ದಿ. ಬುಡಕ್ಕೆ ಬ್ಲೀಚಿಂಗ್ ಪೌಡರ್ ಹಾಕೋದಿದ್ದರೆ ಮೊದಲೇ ಮುಗಿಸಿ. ಸ್ಯೂಡೋಮೊನಾಸ್ ಬೆರೆಸಿದ ಕೊಟ್ಟಿಗೆ ಗೊಬ್ಬರ ಕೊಟ್ಟ ಮೇಲೆ ಬ್ಲೀಚಿಂಗ್ ಎರಚಿದರೆ ಸ್ಯೂಡೋಮೊನಾಸ್ ಸತ್ತು ದುಡ್ಡು ದಂಡ.

ಹಸ್ತಬಹಾರ್: ದ್ರಾವಣಕ್ಕೆ ಬೆಲ್ಲ ಹಾಕಿ ರಾತ್ರಿ ನೆನೆಸಬೇಕು ಅಂತಾರಲ್ಲ?

ಕೆಂಪುಮಣ್ಣು: ಬೇಡ. ನೀರಲ್ಲಿರೋ ಬೇರೆ ಸೂಕ್ಷ್ಮಜೀವಿಗಳೂ ಅದೇ ಬೆಲ್ಲ ತಿಂದು ಬೆಳೀತವೆ, ಬೆಳಗ್ಗೆ ಡ್ರಮ್ಮಲ್ಲಿ ಯಾವುದು ಹೆಚ್ಚಿದೆ ಅಂತ ಗೊತ್ತಾಗಲ್ಲ. ಸಿಪ್ಪೆ ಮೇಲೆ ಅಂಟು ಉಳಿದರೆ ಕಪ್ಪು ಬೂಸ್ಟು ಬೇರೆ ಕೂರುತ್ತೆ. ಕಲಸಿದ್ದನ್ನ ಅವತ್ತೇ ಹೊಡೆದು ಮುಗಿಸಿ.