ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನ್: ಮೊದಲು ಯಾವುದನ್ನು ಕೇಳಲಿ?

ವಾಲಗದ ಮೊಮ್ಮಗ, ದಾವಣಗೆರೆ:
ನಮ್ಮಜ್ಜ ದುರ್ಗಮ್ಮನ ಜಾತ್ರೆಯಲ್ಲಿ, ಮದುವೆಗಳಲ್ಲಿ ವಾಲಗ ಊದುತ್ತಿದ್ದರು. ಮೊನ್ನೆ ಗೆಳೆಯ ‘ಜ್ಯೋತಿ’ ಎನ್ನುವ 1983ರ ಆಲ್ಬಮ್ ಕಳಿಸಿದ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಚಾರ್ಲಿ ಮರಿಯಾನೊ ನುಡಿಸಿದ್ದಾರೆ. ಕೇಳೋದು ಸ್ಯಾಕ್ಸೊಫೋನೇ, ಆದರೆ ಸ್ವರವನ್ನು ಎಳೆದು, ಸ್ವಲ್ಪ ನಡುಗಿಸಿ ಬಿಡುವ ರೀತಿ ಥೇಟ್ ಅಜ್ಜನದೇ. ಎರಡು ರಾತ್ರಿ ಅದನ್ನೇ ಹಾಕಿಕೊಂಡು ಕೂತಿದ್ದೆ. ಜಾಸ್ ಬಗ್ಗೆ ನನಗೆ ಏನೂ ತಿಳಿಯದು. ಇವರು ಯಾರು, ಮುಂದೆ ಯಾವುದನ್ನು ಕೇಳಲಿ?

ಹಳೇ ಕ್ಯಾಸೆಟ್, ಚಿತ್ರದುರ್ಗ:
ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಅವರು ನಾಗಸ್ವರ ಕಲಿತವರು! ಹುಟ್ಟಿದ್ದು 1923ರಲ್ಲಿ, ಬಾಸ್ಟನ್‌ನಲ್ಲಿ. 50ರ ದಶಕದಲ್ಲಿ ಅಮೆರಿಕದ ಜಾಸ್ ನಾಯಕ ಸ್ಟಾನ್ ಕೆಂಟನ್ ಅವರ ದೊಡ್ಡ ಬ್ಯಾಂಡ್‌ನಲ್ಲಿದ್ದರು. 60ರ ದಶಕದ ಕೊನೆಯ ಹೊತ್ತಿಗೆ ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕೇಳಿ ಮನಸೋತರು, ಆಮೇಲೆ ದಕ್ಷಿಣ ಭಾರತಕ್ಕೇ ಬಂದು ಕೂತು ಕಲಿತರು. ಆಗಲೇ ನಲವತ್ತು ದಾಟಿತ್ತು, ಹೆಸರೂ ಬಂದಿತ್ತು. ಆ ವಯಸ್ಸಿನಲ್ಲಿ ಹೊಸ ವಾದ್ಯಕ್ಕೆ ಶಿಷ್ಯನಾಗೋದು ಸಣ್ಣ ಮಾತಲ್ಲ, ಅಲ್ವಾ? ಅವರೇ ನಾಗಸ್ವರ ಊದಿದ್ದು ಬೇಕಿದ್ದರೆ ಜರ್ಮನಿಯ ಎಂಬ್ರಿಯೊ ತಂಡದ 1973ರ ‘ವಿ ಕೀಪ್ ಆನ್’ ಕೇಳಿ. ಕೊನೆಗೆ ಜರ್ಮನಿಯಲ್ಲೇ ನೆಲೆಸಿ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು.

ಬ್ಲೂಸ್ ಕಿವಿ:
ನಾನಾದರೆ ಮೊದಲು ಅಮೆರಿಕದ ಜಾಸ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಆಲ್ಬಮ್ ಕೇಳಿ ಅನ್ನುತ್ತೇನೆ. 1963ರದು, ಹನ್ನೊಂದು ಜನರ ತಂಡ. ಮರಿಯಾನೊ ಅವರ ಆಲ್ಟೊ (ಒಂದು ಬಗೆಯ ಸ್ಯಾಕ್ಸೊಫೋನ್) ಅಲ್ಲಿ ಅಳುತ್ತದೆ, ಕೂಗುತ್ತದೆ, ಜಗಳಕ್ಕೆ ಬರುತ್ತದೆ. ಆಗಿನ್ನೂ ನಾಗಸ್ವರದ ಪಾಠ ಆಗಿರಲಿಲ್ಲ. ಆದರೂ ಸ್ವರ ಬಗ್ಗಿಸುವ ಆಸೆ ಅಲ್ಲೇ ಇದೆ, ಅದು ಬ್ಲೂಸ್‌ನಿಂದ, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನಿಂದ ಬಂದದ್ದು. ಇದನ್ನು ಕೇಳದೆ ಸುಮ್ನೆ ‘ಜ್ಯೋತಿ’ಯಲ್ಲೇ ನಿಂತರೆ ಅವರ ಅರ್ಧ ಮಾತ್ರ ಸಿಕ್ಕ ಹಾಗೆ.

ಹಳೇ ಕ್ಯಾಸೆಟ್:
ಒಪ್ಪಿದೆ. ಆದರೆ ಹೊಸಬರಿಗೆ ಅದು ಒಮ್ಮೆಲೇ ಜಾಸ್ತಿ ಆಗಬಹುದು. ಈಗಿರುವ ‘ಜ್ಯೋತಿ’ಯನ್ನೇ ಇನ್ನೊಂದು ಸಲ ನಿಧಾನವಾಗಿ ಕೇಳಲಿ. ಆರ್.ಎ. ರಮಾಮಣಿ ಹಾಡುವಾಗ ಮರಿಯಾನೊ ಆ ದನಿಯ ಮೇಲೆ ಬೀಳುವುದಿಲ್ಲ. ಟಿ.ಎ.ಎಸ್. ಮಣಿ ಅವರ ಮೃದಂಗಕ್ಕೆ ಜಾಗ ಬಿಟ್ಟು, ಕಾದು, ಆಮೇಲೆ ಒಂದೇ ಎಳೆ ಸೇರಿಸುತ್ತಾರೆ. ಎಷ್ಟೋ ಫ್ಯೂಷನ್‌ಗಳಲ್ಲಿ ಇಬ್ಬರೂ ಒಟ್ಟಿಗೆ ಓಡುತ್ತಿರುತ್ತಾರೆ, ಯಾರೂ ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ. ಇಲ್ಲಿ ಹಾಗಿಲ್ಲ.

ಬ್ಯಾಂಡ್‌ಸೆಟ್, ಹರಿಹರ:
ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸ್ ಊದುವವನು ನಾನು. ನಾಗಸ್ವರದಲ್ಲಿ ಬೆರಳಾಡಿಸಲು ಏಳು ತೂತು, ಮೇಲೆ ಬೆರಳೇ, ಕೀಲಿ ಇಲ್ಲ. ಬೆರಳನ್ನು ಅರ್ಧ ಎತ್ತಿ, ಸೀವಾಳಿಯ (ಬಾಯಲ್ಲಿಡುವ ಊದುಪೀಪಿಯ) ಮೇಲೆ ತುಟಿ ಬಿಗಿ ಮಾಡಿ ಗಮಕ, ಅಂದರೆ ಸ್ವರದ ಎಳೆತ-ನಡುಕ, ತೆಗೆಯಬಹುದು. ಸ್ಯಾಕ್ಸ್‌ನಲ್ಲಿ ಕೀಲಿ ಒತ್ತಿದರೆ ತೂತು ಮುಚ್ಚಳದಿಂದ ಮುಚ್ಚುತ್ತದೆ, ಆ ಕೆಲಸದ ಬಹುಪಾಲು ತುಟಿ, ಗಂಟಲು, ಉಸಿರಿನಿಂದಲೇ ಆಗಬೇಕು. ಮರಿಯಾನೊ ಅದನ್ನೇ ಮಾಡುತ್ತಾರೆ, ನಿಮಗೆ ಅಜ್ಜನ ಹಾಗೆ ಕೇಳಿಸಿದ್ದು ಅದಕ್ಕೇ.

ವಾಲಗದ ಮೊಮ್ಮಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಿಂಗಸ್ ಹಾಕಿದೆ. ಮೊದಲ ಸಲ ಗೊಂದಲ ಆಯಿತು, ಎರಡನೇ ಸಲ ಆ ಆಲ್ಟೊ ಸಿಕ್ಕಿತು. ಭಾನುವಾರ ಅಮ್ಮನಿಗೆ ‘ಜ್ಯೋತಿ’ ಕೇಳಿಸುತ್ತೇನೆ. ತಮ್ಮಪ್ಪನ ಉಸಿರು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.