ಅಪ್‌ಡೇಟ್: ಪೊವೆಲ್ ಮನೆತನದ ಜಾಡು
ವೇಲ್ಸ್ ಮೂಲದ ಪೊವೆಲ್ ಎಂಬ ಕುಲನಾಮವನ್ನು 16ನೆಯ ಶತಮಾನದ ಇಂಗ್ಲಿಷ್ ನ್ಯಾಯಾಲಯದ ಕಡತಗಳಲ್ಲಿ ಹುಡುಕುವ ಬಗೆಯನ್ನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ನೀವು ಸೂಚಿಸಿದಂತೆ, ಹೊವೆಲ್‌ನ ಮಗ ಎಂಬರ್ಥದ, ಪೊವೆಲ್ ಎಂಬುದಕ್ಕೆ ಮೂಲವಾದ ‘ಅಪ್ ಹೊವೆಲ್’ ರೂಪವನ್ನೂ ಬರಹಗಾರರು ಮನಬಂದಂತೆ ಬರೆದ ಅದರ ಕಾಗುಣಿತಗಳನ್ನೂ ಹಿಡಿದು ಹುಡುಕಿದಾಗ, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಚಾನ್ಸರಿ ಎಂಬ ಇಂಗ್ಲಿಷ್ ನ್ಯಾಯಾಲಯದ ಕಡತವೊಂದರಲ್ಲಿ, ಜಮೀನಿನ ವ್ಯಾಜ್ಯದ ಪ್ರತಿವಾದಿಯೊಬ್ಬನ ಎರಡೂ ಹೆಸರುಗಳು ‘ಅಲಿಯಾಸ್’ ಎಂಬುದರ ಆಚೀಚೆ ಕಂಡವು. ಚಾನ್ಸರಿಯ ದೂರುಪತ್ರಗಳು ಇಂಗ್ಲಿಷಿನಲ್ಲಿರುವುದು ನನ್ನ ಪುಣ್ಯ. ಕಾಮನ್ ಪ್ಲೀಸ್ ನ್ಯಾಯಾಲಯದ ಸುರುಳಿಗಳಾದರೋ ಮೊಟಕು ಪದಗಳ ಲ್ಯಾಟಿನ್‌ನಲ್ಲಿದ್ದು, ಒಂದೊಂದು ಸಾಲಿಗೂ ತಿಣುಕಬೇಕಾಗುತ್ತದೆ. ಆದರೂ ತಂದೆಯ ಹೆಸರೇ ಕುಲನಾಮದಂತೆ ಬಳಕೆಯಾಗಿ, ಅದು ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಆ ಕಾಲದಲ್ಲಿ ಒಂದು ಅಲಿಯಾಸ್‌ನ ಮೇಲೆ ವಂಶಾವಳಿ ಕಟ್ಟಲಾಗದು. ಆದ್ದರಿಂದ, 1543ರಿಂದ 1830ರವರೆಗೆ ವೇಲ್ಸಿನಲ್ಲೇ ನಡೆದ ಗ್ರೇಟ್ ಸೆಷನ್ಸ್ ನ್ಯಾಯಾಲಯದ ದಾಖಲೆಗಳನ್ನು ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿ ಪರಿಶೀಲಿಸಲಿದ್ದೇನೆ.